‘ಮುಗಿದ ಕತೆ’ಯನ್ನು ಮಗಳು ಯಾಕೆ ಕೇಳಬೇಕು?

ಪ್ರಶ್ನೆ: ನಾವು ಹಾಸನದ ಕಡೆಯವರು. ಹನ್ನೊಂದು ವರ್ಷದಿಂದ ಅಮೆರಿಕದ ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿದ್ದೇವೆ. ಮಗಳಿಗೆ 13 ವರ್ಷ. ಫೆಬ್ರುವರಿಯಲ್ಲಿ ಇಲ್ಲಿನ ಶಾಲೆಗಳಲ್ಲಿ ಕಪ್ಪು ಜನರ ಇತಿಹಾಸದ ತಿಂಗಳು. ಕಪ್ಪು ಹೋರಾಟಗಾರರಲ್ಲಿ ಒಬ್ಬರ ಮಾತನ್ನು ಆರಿಸಿಕೊಂಡು, ಅದು ಇವತ್ತಿಗೂ ಯಾಕೆ ಬೇಕು ಅಂತ ಹತ್ತು ನಿಮಿಷ ಮಾತಾಡಬೇಕು. ಅವಳು ಮಾರ್ಟಿನ್ ಲೂಥರ್ ಕಿಂಗ್ ಅವರ ಕನಸಿನ ಭಾಷಣ ಆರಿಸಿದಳು. ಆಮೇಲೆ ‘ಎಲ್ಲರೂ ಅದನ್ನೇ ತಗೊಂಡಿದ್ದಾರೆ, ನನಗೆ ಹೇಳೋಕೆ ಏನೂ ಉಳಿದಿಲ್ಲ’ ಅಂತ ಸುಮ್ಮನೆ ಕೂತಳು. ಊರಿಂದ ಬಂದಿರುವ ಮಾವ, ‘ಅದೆಲ್ಲ ಅರವತ್ತು ವರ್ಷದ ಹಿಂದೆ ಮುಗಿದ ಕತೆ. ನಾವು ಓದಿ, ಕಷ್ಟಪಟ್ಟು ಬಂದವರು. ನಮಗೂ ಅದಕ್ಕೂ ಏನು ಸಂಬಂಧ?’ ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಹೊಡೆದದ್ದು, ಕೊಂದದ್ದನ್ನೆಲ್ಲ ಈ ವಯಸ್ಸಿನ ಮಗುವಿಗೆ ಕೇಳಿಸಬಹುದೇ ಅನ್ನುವ ಭಯವೂ ಇದೆ. ಹೊರಗಿನವರಾದ ನಾವು ಅವರ ನೋವಿನ ಬಗ್ಗೆ ಮಾತಾಡಿದರೆ ತಪ್ಪಾಗುತ್ತದೆಯೇ?

ಉತ್ತರ:

ನಿಮ್ಮ ಮಾವನವರ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಮೈಸೂರಿನ ಒಂದು ಕಾಲೇಜಿನಲ್ಲಿ 31 ವರ್ಷ ಅಮೆರಿಕದ ಇತಿಹಾಸ ಪಾಠ ಮಾಡಿದವಳು ನಾನು. ಪ್ರತಿ ವರ್ಷ ಮೊದಲ ವಾರದಲ್ಲೇ ಯಾರಾದರೂ ಒಬ್ಬರು ಎದ್ದು ‘ಮೇಡಂ, ಇದು ನಮಗ್ಯಾಕೆ?’ ಅಂತ ಕೇಳುತ್ತಿದ್ದರು. ನಾನು ವಾದ ಮಾಡುತ್ತಿರಲಿಲ್ಲ. ಒಂದು ಧ್ವನಿಮುದ್ರಣ ಹಾಕುತ್ತಿದ್ದೆ. ಅದರ ವಿಷಯಕ್ಕೆ ಬರುತ್ತೇನೆ, ಮೊದಲು ನಿಮ್ಮ ಮಗಳ ಬೇಸರದ ಮಾತು.

ಅವಳಿಗೆ ಹೇಳಲು ಏನೂ ಉಳಿದಿಲ್ಲ ಅನಿಸಿದ್ದು ಅವಳ ತಪ್ಪಲ್ಲ. ಆ ಭಾಷಣದಲ್ಲಿ ಅವಳ ಕೈಗೆ ಬಂದಿರುವುದು ಬಹುಶಃ ಕೊನೆಯ ಕೆಲವು ನಿಮಿಷ ಮಾತ್ರ. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಸುಮಾರು ಎರಡೂವರೆ ಲಕ್ಷ ಜನ ಸೇರಿದ್ದು ‘ಉದ್ಯೋಗ ಮತ್ತು ಸ್ವಾತಂತ್ರ್ಯ’ಕ್ಕಾಗಿ. ಉದ್ಯೋಗ ಅನ್ನುವ ಪದ ಮೊದಲು ಬರುತ್ತದೆ, ಗಮನಿಸಿ. ಕಿಂಗ್ ಅವರು ಭಾಷಣದ ಮೊದಲ ಭಾಗದಲ್ಲಿ ಕನಸಿನ ಮಾತೇ ಎತ್ತುವುದಿಲ್ಲ. ಅಮೆರಿಕ ತನ್ನ ಕಪ್ಪು ಜನರಿಗೆ ಕೊಟ್ಟ ಚೆಕ್ ಬೌನ್ಸ್ ಆಗಿದೆ, ಖಾತೆಯಲ್ಲಿ ಹಣವಿಲ್ಲ ಅಂತ ವಾಪಸ್ ಬಂದಿದೆ, ನಾವು ಆ ಹಣ ಕೇಳಲು ಬಂದಿದ್ದೇವೆ ಅನ್ನುತ್ತಾರೆ. ಬಾಕಿ ವಸೂಲಿಗೆ ಬಂದವರ ಮಾತು ಅದು. ಪೊಲೀಸರ ಕ್ರೌರ್ಯದ ಹೆಸರೆತ್ತುತ್ತಾರೆ. ಮಿಸಿಸಿಪಿಯಲ್ಲಿ ಕಪ್ಪು ಮನುಷ್ಯನಿಗೆ ಮತ ಹಾಕಲು ಆಗುತ್ತಿಲ್ಲ ಅನ್ನುತ್ತಾರೆ. ಇವು ಹೋಗಿ ಕನಸು ಮಾತ್ರ ಉಳಿದರೆ, ಯಾರಿಗೂ ಮುಜುಗರವಾಗದ ಒಂದು ಶುಭಾಶಯ ಪತ್ರ ಉಳಿಯುತ್ತದೆ. ಅದರ ಮೇಲೆ ಹತ್ತು ನಿಮಿಷ ಏನು ಮಾತಾಡುವುದು ಹೇಳಿ?

ಹೀಗೆ ಕತ್ತರಿಸಿ ಮೆದು ಮಾಡಿದ್ದು ಕಿಂಗ್ ಅವರೊಬ್ಬರನ್ನೇ ಅಲ್ಲ. ರೋಸಾ ಪಾರ್ಕ್ಸ್ ಅಂದರೆ, ದಣಿದಿದ್ದರು, ಕಾಲು ನೋಯುತ್ತಿತ್ತು, ಅದಕ್ಕೆ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲಿಲ್ಲ ಅನ್ನುವ ಕತೆ ನಮ್ಮ ಪುಸ್ತಕಗಳಲ್ಲೂ ಇದೆ. ಅವರಿಗೆ ಆಗ 42 ವರ್ಷ. 1943ರಿಂದಲೇ ಅಲಬಾಮಾದ ಮಾಂಟ್‌ಗೊಮರಿಯಲ್ಲಿ, ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಶಾಖೆಯ ಕಾರ್ಯದರ್ಶಿಯಾಗಿ ಕೆಲಸ ಮಾಡಿದವರು. ಕಪ್ಪು ಹೆಣ್ಣುಮಕ್ಕಳ ಮೇಲೆ ನಡೆದ ಅತ್ಯಾಚಾರದ ಪ್ರಕರಣಗಳ ಹಿಂದೆ ಊರೂರು ತಿರುಗಿ ಹೇಳಿಕೆ ಬರೆದುಕೊಂಡವರು. ಬಗ್ಗಿ ಬಗ್ಗಿ ದಣಿದಿದ್ದೆ, ಅದೊಂದೇ ದಣಿವು ಅಂತ ಆಮೇಲೆ ಅವರೇ ಹೇಳಿದ್ದಾರೆ. ಅದೇ ಊರಲ್ಲಿ ಒಂಬತ್ತು ತಿಂಗಳ ಮುಂಚೆ, 1955ರ ಮಾರ್ಚ್‌ನಲ್ಲಿ, ಕ್ಲಾಡೆಟ್ ಕೊಲ್ವಿನ್ ಅನ್ನುವ 15 ವರ್ಷದ ಹುಡುಗಿ ಸೀಟು ಬಿಡದೆ ಜೈಲಿಗೆ ಹೋಗಿದ್ದಳು. ನಿಮ್ಮ ಮಗಳಿಗಿಂತ ಎರಡೇ ವರ್ಷ ದೊಡ್ಡವಳು. ಪಾರ್ಕ್ಸ್ ಅವರನ್ನು ಬಂಧಿಸಿದ ಮೇಲೆ 381 ದಿನ ಊರಿನ ಕಪ್ಪು ಜನ ಬಸ್ ಹತ್ತಲಿಲ್ಲ. ಒಬ್ಬ ಹೆಂಗಸಿನ ಕಾಲುನೋವಿನಿಂದ ಇಷ್ಟೆಲ್ಲ ಆಗುವುದಿಲ್ಲ, ಅಲ್ವಾ?

ಇನ್ನು, ಕಿಂಗ್ ಅವರನ್ನು ಎಲ್ಲರೂ ಮೆಚ್ಚಿದ್ದರು ಅನ್ನುವುದೂ ನಿಜವಲ್ಲ. 1966ರ ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ 63 ಅಮೆರಿಕನ್ನರು ಅವರ ಬಗ್ಗೆ ಒಳ್ಳೆಯ ಅಭಿಪ್ರಾಯವಿಲ್ಲ ಅಂದಿದ್ದರು. 1968ರ ಏಪ್ರಿಲ್ 4ರಂದು ಮೆಂಫಿಸ್‌ನಲ್ಲಿ ಅವರನ್ನು ಕೊಂದಾಗ ಅವರು ಅಲ್ಲಿದ್ದದ್ದು ಪೌರಕಾರ್ಮಿಕರ ಮುಷ್ಕರಕ್ಕೆ. ಅದೇ ಫೆಬ್ರುವರಿಯಲ್ಲಿ ಇಬ್ಬರು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತಿದ್ದರು. ಸುಮಾರು 1,300 ಜನ ಕೆಲಸ ಬಿಟ್ಟು ಬೀದಿಗೆ ಬಂದರು. ಕೈಯಲ್ಲಿ ಹಿಡಿದ ಫಲಕದಲ್ಲಿ ನಾಲ್ಕೇ ಪದ, ‘ನಾನೂ ಒಬ್ಬ ಮನುಷ್ಯ’ ಅನ್ನುವ ಅರ್ಥದ್ದು. ಮ್ಯಾನ್‌ಹೋಲಿಗೆ ಇಳಿದು ಸತ್ತವರ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಈಗಲೂ ಓದುವ ನಮಗೆ ಆ ಫಲಕ ಹಳೆಯದು ಅನಿಸುವುದಿಲ್ಲ.

ಈಗ ಆ ಧ್ವನಿಮುದ್ರಣದ ಮಾತು. ಫ್ಯಾನಿ ಲೂ ಹೇಮರ್ ಅನ್ನುವವರದು. ಮಿಸಿಸಿಪಿಯ ಹತ್ತಿ ತೋಟದಲ್ಲಿ ಪಾಲಿಗೆ ದುಡಿಯುತ್ತಿದ್ದ ಕುಟುಂಬದ ಇಪ್ಪತ್ತನೇ ಮಗು. 1917ರಲ್ಲಿ ಹುಟ್ಟಿದರು. ಆರನೇ ವಯಸ್ಸಿಗೆ ಹತ್ತಿ ಬಿಡಿಸಲು ಹೋದರು. ಕಪ್ಪು ಜನರಿಗೂ ಮತ ಹಾಕುವ ಹಕ್ಕಿದೆ ಅಂತ ಅವರ ಕಿವಿಗೆ ಬಿದ್ದದ್ದು 44ನೇ ವಯಸ್ಸಿನಲ್ಲಿ. 1964ರ ಆಗಸ್ಟ್ 22ರಂದು ಅಟ್ಲಾಂಟಿಕ್ ಸಿಟಿಯಲ್ಲಿ, ಡೆಮಾಕ್ರಟಿಕ್ ಪಕ್ಷದ ಸಮಿತಿಯೊಂದರ ಮುಂದೆ ಅವರು ಸುಮಾರು ಎಂಟು ನಿಮಿಷ ಸಾಕ್ಷಿ ಹೇಳಿದರು. ಪಕ್ಷದ ರಾಷ್ಟ್ರೀಯ ಸಮಾವೇಶಕ್ಕೆ ಮಿಸಿಸಿಪಿಯಿಂದ ಬಂದ ನಿಯೋಗದಲ್ಲಿ ಬಿಳಿಯರು ಮಾತ್ರ ಇದ್ದರು. ಕಪ್ಪು ಜನರಿಗೆ ಮತ ಹಾಕಲು ಬಿಡದೆ ಆರಿಸಿದ ನಿಯೋಗ ಅದು, ನಿಜವಾದ ಪ್ರತಿನಿಧಿಗಳು ನಾವು ಅನ್ನುವುದು ಹೇಮರ್ ಅವರ ಗುಂಪಿನ ವಾದ.

ಅವರು ಶುರು ಮಾಡುವುದು ಹೇಗೆ ಗೊತ್ತೇ? ತಮ್ಮ ಹೆಸರು ಮಿಸೆಸ್ ಫ್ಯಾನಿ ಲೂ ಹೇಮರ್ ಅನ್ನುತ್ತಾರೆ. ಮರುಕ್ಷಣ ತಮ್ಮ ಮನೆಯ ವಿಳಾಸ ಹೇಳುತ್ತಾರೆ: 626, ಈಸ್ಟ್ ಲಫಾಯೆಟ್ ಸ್ಟ್ರೀಟ್, ರೂಲ್‌ವಿಲ್, ಮಿಸಿಸಿಪಿ. ಮನೆ ನಂಬರ್ ಸಮೇತ, ಟೀವಿ ಕ್ಯಾಮೆರಾಗಳ ಮುಂದೆ. ಅವರನ್ನು ಗುರಿಯಾಗಿಸಿ, ಅವರು ಉಳಿದುಕೊಂಡಿದ್ದ ಮನೆಯೊಂದಕ್ಕೆ 1962ರಲ್ಲಿ ಹದಿನಾರು ಗುಂಡು ಹಾರಿಸಿದ್ದರು. ಅಂಥವರು ದೇಶಕ್ಕೇ ಕೇಳುವಂತೆ ವಿಳಾಸ ಹೇಳುತ್ತಿದ್ದಾರೆ. ನಾನು ತರಗತಿಯಲ್ಲಿ ಇಲ್ಲಿಗೆ ಟೇಪ್ ನಿಲ್ಲಿಸುತ್ತಿದ್ದೆ.

ಮುಂದಿನದು ಪೂರ್ತಿ ವಿವರಗಳು. ಹೊಗಳಿಕೆಯಿಲ್ಲ, ಉಪಮೆಯಿಲ್ಲ. 1962ರ ಆಗಸ್ಟ್ 31ರಂದು ನಾವು ಹದಿನೆಂಟು ಜನ ಮತದಾರರ ಪಟ್ಟಿಗೆ ಹೆಸರು ಸೇರಿಸಲು 26 ಮೈಲಿ ದೂರದ ಇಂಡಿಯನೋಲಾಕ್ಕೆ ಹೋದೆವು ಅನ್ನುತ್ತಾರೆ. ವಾಪಸ್ ಬರುವಾಗ ಬಸ್ಸಿನ ಬಣ್ಣ ಸರಿಯಿಲ್ಲ ಅಂತ ಚಾಲಕನನ್ನು ಹಿಡಿದರು. ಮನೆಗೆ ಬರುವಷ್ಟರಲ್ಲಿ ತೋಟದ ಮಾಲೀಕನಿಗೆ ಸುದ್ದಿ ಮುಟ್ಟಿತ್ತು. ಅರ್ಜಿ ವಾಪಸ್ ತಗೋ, ಇಲ್ಲ ಜಾಗ ಖಾಲಿ ಮಾಡು ಅಂದ. ಹದಿನೆಂಟು ವರ್ಷ ಅವನ ತೋಟದಲ್ಲಿ ದುಡಿದ ಹೆಂಗಸು ಕೊಟ್ಟ ಉತ್ತರ: ‘ನಾನು ನಿಮಗೋಸ್ಕರ ಹೆಸರು ಸೇರಿಸಲು ಹೋಗಲಿಲ್ಲ, ನನಗೋಸ್ಕರ ಹೋದೆ.’ ಅದೇ ರಾತ್ರಿ ಮನೆ ಬಿಡಬೇಕಾಯಿತು.

ಆಮೇಲೆ 1963ರ ಜೂನ್‌ನಲ್ಲಿ ಅವರನ್ನೂ ಜೊತೆಗಾರರನ್ನೂ ಹಿಡಿದು ಹಾಕಿದ ವೈನೋನಾ ಅನ್ನುವ ಊರಿನ ಜೈಲು. ಅಲ್ಲಿ ಪಕ್ಕದ ಕೋಣೆಯಲ್ಲಿ ಅನೆಲ್ ಪಾಂಡರ್ ಅನ್ನುವ ಜೊತೆಗಾತಿಯನ್ನು ಪೊಲೀಸರು ಹೊಡೆಯುತ್ತಿದ್ದುದು ಹೇಮರ್ ಅವರ ಕಿವಿಗೆ ಬೀಳುತ್ತದೆ. ‘ಎಸ್ ಸರ್’ ಅನ್ನೋಕೆ ಬರುತ್ತಾ ಅಂತ ಕೇಳುತ್ತಾರೆ. ಬರುತ್ತದೆ ಅನ್ನುತ್ತಾಳೆ ಆಕೆ. ಹಾಗಾದರೆ ಹೇಳು ಅನ್ನುತ್ತಾರೆ. ಅದಕ್ಕೆ ಆಕೆ, ‘ನಿಮ್ಮನ್ನು ನಾನು ಅಷ್ಟಾಗಿ ಬಲ್ಲವಳಲ್ಲ’ ಅನ್ನುತ್ತಾಳೆ. ಮತ್ತೆ ಏಟಿನ ಸದ್ದು.

ಒಂದು ವರ್ಷ ಇದನ್ನು ಕೇಳಿಸಿದ ಮೇಲೆ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಇಡೀ ವರ್ಷ ಬಾಯಿ ಬಿಡದಿದ್ದ ಹುಡುಗಿ. ‘ಮೇಡಂ, ನಮ್ಮಜ್ಜಿಗೆ ಎಪ್ಪತ್ತು ವರ್ಷ. ಅವಳು ಕೂಲಿಗೆ ಹೋಗೋ ಮನೆಯ ಹತ್ತು ವರ್ಷದ ಹುಡುಗ ಅವಳನ್ನ ಬಾರೇ, ಹೋಗೇ ಅಂತಾನೆ. ಅಜ್ಜಿ ಅವನನ್ನ ಬುದ್ಧಿ ಅಂತಾಳೆ’ ಅಂದಳು. ಅವತ್ತು ನಾನು ಬೇರೆ ಪಾಠ ಮಾಡಲಿಲ್ಲ. ಏಕವಚನ ಬಹುವಚನದಲ್ಲಿ ಮನುಷ್ಯರನ್ನು ಮೇಲೆ ಕೆಳಗೆ ಕೂರಿಸುವುದು ಏನು ಅಂತ ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ದಕ್ಷಿಣದಲ್ಲಿ ಬಿಳಿಯರು ಕಪ್ಪು ಹೆಂಗಸರನ್ನು ಮಿಸ್, ಮಿಸೆಸ್ ಅನ್ನುತ್ತಿರಲಿಲ್ಲ. ಬರೀ ಹೆಸರು, ಇಲ್ಲವೇ ‘ಆಂಟಿ’. ಅಲಬಾಮಾದ ಕೋರ್ಟಿನಲ್ಲಿ 1963ರಲ್ಲಿ ಮೇರಿ ಹ್ಯಾಮಿಲ್ಟನ್ ಅನ್ನುವ ಹೋರಾಟಗಾರ್ತಿ, ತನ್ನನ್ನು ಮಿಸ್ ಹ್ಯಾಮಿಲ್ಟನ್ ಅನ್ನುವವರೆಗೆ ವಕೀಲರ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ ಅಂದಳು. ಜೈಲು, ದಂಡ ಎರಡೂ ಆಯಿತು. 1964ರಲ್ಲಿ ಸುಪ್ರೀಂ ಕೋರ್ಟ್ ಅವಳ ಪರ ತೀರ್ಪು ಕೊಟ್ಟಿತು. ಹೇಮರ್ ಅವರು ‘ಮಿಸೆಸ್’ ಅಂತ ತಾವೇ ಸೇರಿಸಿ ಹೇಳಿದ್ದರ ತೂಕ ಈಗ ಗೊತ್ತಾಗುತ್ತದೆ.

ಅವರ ಸಾಕ್ಷಿ ನಡೆಯುತ್ತಿದ್ದಾಗಲೇ ಅಧ್ಯಕ್ಷ ಜಾನ್ಸನ್ ತರಾತುರಿಯಲ್ಲಿ ಪತ್ರಕರ್ತರನ್ನು ಕರೆದರು. ಟೀವಿಯವರು ಹೇಮರ್ ಅವರನ್ನು ಬಿಟ್ಟು ಅಧ್ಯಕ್ಷರ ಕಡೆ ತಿರುಗಿದರು. ಅಧ್ಯಕ್ಷರು ಅಂಥ ದೊಡ್ಡ ಸುದ್ದಿಯನ್ನೇನೂ ಹೇಳಲಿಲ್ಲ. ಸಂಜೆ ವಾಹಿನಿಗಳು ಹೇಮರ್ ಅವರ ಮಾತನ್ನು ಮತ್ತೆ ಹಾಕಿದವು. ನೇರ ಪ್ರಸಾರಕ್ಕಿಂತ ಜಾಸ್ತಿ ಜನ ಕೇಳಿಸಿಕೊಂಡರು. ಓದು ನಿಲ್ಲಿಸಿ ತೋಟಕ್ಕೆ ಹೋದ ಒಬ್ಬ ಹೆಂಗಸಿನ ಎಂಟು ನಿಮಿಷಕ್ಕೆ ಆ ಮಟ್ಟದ ಹೆದರಿಕೆ ಹುಟ್ಟಿತ್ತು. ಕಾರಣ ಅದರಲ್ಲಿ ತಾರೀಕಿತ್ತು, ದೂರ ಇತ್ತು, ಊರಿನ ಹೆಸರಿತ್ತು. ಸುಳ್ಳು ಅನ್ನಲು ಜಾಗವಿರಲಿಲ್ಲ. ಈ ಧ್ವನಿಗಳು ಇವತ್ತಿಗೂ ಯಾಕೆ ಬೇಕು ಅನ್ನುವುದಕ್ಕೆ ನನ್ನ ಉತ್ತರ ಇದು: ಅವು ಸ್ಫೂರ್ತಿಯ ಮಾತುಗಳಿಗಿಂತ ಮೊದಲು ಸಾಕ್ಷಿಗಳು. ಅನ್ಯಾಯವನ್ನು ಹೇಗೆ ಹೇಳಬೇಕು ಅಂತ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಇನ್ನು ‘ಮುಗಿದ ಕತೆ’. ಕಾನೂನು ಬದಲಾಯಿತು, ನಿಜ. 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು, 1965ರ ಆಗಸ್ಟ್ 6ರಂದು ಮತದಾನ ಹಕ್ಕುಗಳ ಕಾಯ್ದೆ. ಅದು ಸಣ್ಣ ಗೆಲುವಲ್ಲ, ಮಗಳು ಅದನ್ನು ಹೇಳಲೇಬೇಕು. ಆದರೆ ಆ ಕಾಯ್ದೆಯ ಹಲ್ಲು ಒಂದು ನಿಯಮದಲ್ಲಿತ್ತು. ಹಿಂದೆ ಮೋಸ ಮಾಡಿದ ರಾಜ್ಯಗಳು, ಜಿಲ್ಲೆಗಳು ಮತದಾನದ ನಿಯಮ ಬದಲಿಸುವ ಮುಂಚೆ ಕೇಂದ್ರದ ಒಪ್ಪಿಗೆ ಪಡೆಯಬೇಕಿತ್ತು. ಯಾವ ಜಾಗಗಳಿಗೆ ಅದು ಅನ್ವಯ ಅಂತ ಹೇಳುವ ಸೂತ್ರವನ್ನು 2013ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅದೇ ವರ್ಷ ನಿಮ್ಮ ನಾರ್ತ್ ಕೆರೊಲಿನಾ ಹೊಸ ಮತದಾನ ಕಾನೂನು ತಂದಿತು. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಹೊಡೆದುಹಾಕಿ, ಇದು ಶಸ್ತ್ರಚಿಕಿತ್ಸೆಯಷ್ಟು ಕರಾರುವಾಕ್ಕಾಗಿ ಕಪ್ಪು ಮತದಾರರನ್ನು ಗುರಿ ಮಾಡಿದೆ ಅಂದಿತು. ಇದು ನಿಮ್ಮ ಮಗಳು ಹುಟ್ಟಿದ ಮೇಲಿನ, ಅಥವಾ ಅದರ ಆಸುಪಾಸಿನ ಮಾತು.

ಕಾನೂನು ಬದಲಾದರೂ ಬದಲಾಗದೆ ಉಳಿಯುವುದು ಮನೆ. ಮಾವನವರಿಗೆ ಇದು ಬೇಗ ಅರ್ಥವಾಗುತ್ತದೆ, ಹಾಸನದ ಕಡೆ ಯಾರನ್ನೇ ಕೇಳಿ, ಮಕ್ಕಳಿಗೆ ಬಿಟ್ಟು ಹೋಗುವುದು ಮನೆ, ಜಮೀನು. 1930ರ ದಶಕದಲ್ಲಿ ಅಮೆರಿಕದ ಸರ್ಕಾರವೇ ನಗರಗಳ ನಕಾಶೆ ಮಾಡಿಸಿ, ಕಪ್ಪು ಜನರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಸಿತು. ಕೆಂಪು ಅಂದರೆ ಸಾಲಕ್ಕೆ ಅಪಾಯದ ಜಾಗ. ಅಲ್ಲಿ ಮನೆ ಸಾಲ ಸಿಗುವುದು ಕಷ್ಟವಾಯಿತು. ಮನೆ ಕೊಡುವಾಗ ಭೇದ ಮಾಡಬಾರದು ಅನ್ನುವ ಕಾನೂನು ಬಂದದ್ದು 1968ರಲ್ಲಿ, ಕಿಂಗ್ ಅವರನ್ನು ಕೊಂದ ಒಂದು ವಾರಕ್ಕೆ. ಅಷ್ಟರಲ್ಲಿ ಒಂದಿಡೀ ತಲೆಮಾರು ಮಕ್ಕಳಿಗೆ ಬಿಡಲು ಏನೂ ಇಲ್ಲದೆ ಮುದುಕಾಗಿತ್ತು. ಅಲ್ಲಿ ಶಾಲೆಗಳ ಹಣದ ಒಂದು ಭಾಗ ಸ್ಥಳೀಯ ಆಸ್ತಿ ತೆರಿಗೆಯಿಂದ ಬರುವುದರಿಂದ ಏಟು ಮಕ್ಕಳ ಓದಿಗೂ ಬಿತ್ತು.

‘ನಮಗೂ ಅದಕ್ಕೂ ಏನು ಸಂಬಂಧ’ ಅನ್ನುವುದಕ್ಕೆ ನೇರವಾದ ಉತ್ತರವಿದೆ. ನೀವು ಕಷ್ಟಪಟ್ಟದ್ದು ಸತ್ಯ. ಆದರೆ 1946ರ ಕಾನೂನಿನ ಪ್ರಕಾರ ಇಡೀ ಭಾರತಕ್ಕೆ ವರ್ಷಕ್ಕೆ 100 ವಲಸಿಗರ ಕೋಟಾ ಇತ್ತು. ನೂರು ಜನ ಮಾತ್ರ. ಎಷ್ಟು ಓದಿದ್ದರೂ ಅಷ್ಟೇ. ದೇಶ ನೋಡಿ ಬಾಗಿಲು ಮುಚ್ಚುವ ಆ ಪದ್ಧತಿಯನ್ನು ತೆಗೆದ ಕಾಯ್ದೆಗೆ ಸಹಿ ಬಿದ್ದದ್ದು 1965ರ ಅಕ್ಟೋಬರ್ 3ರಂದು, ಮತದಾನದ ಕಾಯ್ದೆಗೆ ಸಹಿ ಬಿದ್ದ ಎರಡೇ ತಿಂಗಳಿಗೆ. ಅದೇ ಸಂಸತ್ತು, ಅದೇ ಅಧ್ಯಕ್ಷರು. ಒಳಗಿರುವ ಪ್ರಜೆಗಳನ್ನು ಬಣ್ಣ ನೋಡಿ ಅಳೆಯಬಾರದು ಅಂತ ಒಪ್ಪಿಕೊಂಡ ದೇಶಕ್ಕೆ, ಹೊರಗಿನಿಂದ ಬರುವವರನ್ನು ಹುಟ್ಟಿದ ದೇಶ ನೋಡಿ ಅಳೆಯುವುದು ಕಷ್ಟವಾಯಿತು. ನಿಮ್ಮ ಕಚೇರಿಯಲ್ಲಿ ಹುಟ್ಟಿದ ದೇಶದ ಕಾರಣಕ್ಕೆ ಯಾರಾದರೂ ನಿಮ್ಮನ್ನು ಕೆಳಗೆ ತಳ್ಳಿದರೆ ನೀವು ಹಿಡಿದುಕೊಳ್ಳುವುದೂ 1964ರ ಕಾಯ್ದೆಯನ್ನೇ.

ಸಂಬಂಧ ಅಷ್ಟಕ್ಕೇ ನಿಲ್ಲುವುದಿಲ್ಲ. 1946ರಲ್ಲಿ ಅಂಬೇಡ್ಕರ್ ಅವರು ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಅಹವಾಲಿನ ಪ್ರತಿ ಕೇಳಿದ್ದರು. ಡುಬಾಯ್ಸ್ ಉತ್ತರವನ್ನೂ ಬರೆದರು. 1972ರಲ್ಲಿ ಮುಂಬೈಯ ದಲಿತ ಯುವಕರು ಅಮೆರಿಕದ ಕಪ್ಪು ಯುವಕರ ಹೋರಾಟದ ಸಂಘಟನೆಯಾದ ಬ್ಲ್ಯಾಕ್ ಪ್ಯಾಂಥರ್ಸ್ ನೋಡಿ ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟರು. ಕಿಂಗ್ ಅವರು 1959ರಲ್ಲಿ ಭಾರತಕ್ಕೆ ಬಂದಾಗ ಕೇರಳದ ಶಾಲೆಯೊಂದರಲ್ಲಿ ಅವರನ್ನು ‘ಅಮೆರಿಕದ ಅಸ್ಪೃಶ್ಯ’ ಅಂತ ಪರಿಚಯ ಮಾಡಿಸಿದರಂತೆ. ಮೊದಲು ಬೇಜಾರಾಯಿತು, ಯೋಚಿಸಿದ ಮೇಲೆ ಹೌದು, ನಾನು ಅಸ್ಪೃಶ್ಯನೇ ಅನಿಸಿತು ಅಂತ 1965ರ ಜುಲೈ 4ರ ಪ್ರವಚನದಲ್ಲಿ ಅವರು ಹೇಳಿಕೊಂಡಿದ್ದಾರೆ.

ಮಗಳಿಗೆ ಯಾವುದು ಆಗಬಹುದು ಅನ್ನುವುದು ನೋಡೋಣ. ಕಿಂಗ್ ಅವರ ಭಾಷಣವನ್ನೇ ಇಟ್ಟುಕೊಳ್ಳಬಹುದು, ಮೊದಲ ಅರ್ಧದ ಮೇಲೆ ಮಾತಾಡಬೇಕು ಅಷ್ಟೇ. ಇದು ಸುರಕ್ಷಿತ ದಾರಿ. ತೊಂದರೆ ಏನೆಂದರೆ ಉಳಿದವರ ಗದ್ದಲದಲ್ಲಿ ಅವಳದು ಕಳೆದುಹೋಗಬಹುದು. ಅದಕ್ಕೊಂದು ಸ್ಥಳೀಯ ಉಪಾಯ ಇದೆ. ವಾಷಿಂಗ್ಟನ್‌ಗಿಂತ ಒಂಬತ್ತು ತಿಂಗಳು ಮುಂಚೆ, 1962ರ ನವೆಂಬರ್ 27ರಂದು, ನಿಮ್ಮದೇ ರಾಜ್ಯದ ರಾಕಿ ಮೌಂಟ್‌ನ ಶಾಲೆಯೊಂದರ ಜಿಮ್‌ನಲ್ಲಿ ಕಿಂಗ್ ‘ನನಗೊಂದು ಕನಸಿದೆ’ ಅಂದಿದ್ದರು. ಅದರ ಧ್ವನಿಮುದ್ರಣ ಸಿಕ್ಕಿದೆ.

ಪಾಲಿ ಮರ್ರಿ ಇನ್ನೊಂದು ಆಯ್ಕೆ. ನಿಮ್ಮದೇ ರಾಜ್ಯದ ಡರಮ್‌ನಲ್ಲಿ ಬೆಳೆದವರು. 1938ರಲ್ಲಿ ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯ ಬಣ್ಣದ ಕಾರಣಕ್ಕೆ ಅವರಿಗೆ ಸೀಟು ನಿರಾಕರಿಸಿತು. 1944ರಲ್ಲಿ ಕಾನೂನು ವಿದ್ಯಾರ್ಥಿಯಾಗಿದ್ದಾಗ, ಬಿಳಿಯರನ್ನೂ ಕಪ್ಪು ಜನರನ್ನೂ ಬೇರ್ಪಡಿಸುವ ಕಾನೂನನ್ನೇ ನೇರವಾಗಿ ಪ್ರಶ್ನಿಸಬೇಕು ಅಂತ ವಾದಿಸಿ ಪ್ರಬಂಧ ಬರೆದರು. ತರಗತಿಯಲ್ಲಿ ನಕ್ಕರು. ಹತ್ತು ವರ್ಷದ ಮೇಲೆ, ಶಾಲೆಗಳಲ್ಲಿನ ಆ ಬೇರ್ಪಡಿಕೆಯ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ಗೆದ್ದ ವಕೀಲರ ತಂಡ ಆ ಪ್ರಬಂಧವನ್ನು ಬಳಸಿಕೊಂಡಿತ್ತು. ಇವರದು ಬರಹದ ಧ್ವನಿ, 13ರ ಮಗುವಿಗೆ ನಿಮ್ಮ ಸಹಾಯ ಬೇಕಾಗುತ್ತದೆ.

ನನ್ನನ್ನು ಕೇಳಿದರೆ ಹೇಮರ್ ಅವರ ಸಾಕ್ಷಿ. ಅಪಾಯವನ್ನೂ ಹೇಳಬೇಕು. ಜೈಲಿನ ಹೊಡೆತದ ವಿವರ ಹಸಿಯಾಗಿದೆ. ಅಲ್ಲಿದ್ದ ಬಿಳಿಯನೊಬ್ಬ ಅವರ ಬಟ್ಟೆ ಸರಿಸಿದ ಮಾತೂ ಬರುತ್ತದೆ. ಮೊದಲು ನೀವೊಬ್ಬರೇ ಕೇಳಿ. ಆಮೇಲೆ ಮಗಳ ಪಕ್ಕದಲ್ಲಿ ಕೂತು ಕೇಳಿ, ಮಲಗುವ ಹೊತ್ತಿನಲ್ಲಿ ಬೇಡ. ನಡುವೆ ನಿಲ್ಲಿಸಿ, ಅವಳು ಕೇಳಿದ್ದಕ್ಕೆ ಉತ್ತರ ಕೊಡಿ. ಕಣ್ಣೀರು ಬಂದರೆ ಗಾಬರಿಯಾಗಬೇಡಿ. ನಿದ್ದೆ ಕೆಡುವ ಸ್ವಭಾವದ ಮಗುವಾದರೆ ಬಸ್ ಪ್ರಯಾಣ, ಮನೆ ಬಿಡಿಸಿದ್ದು, ಇಷ್ಟಕ್ಕೆ ನಿಲ್ಲಿಸಿದರೂ ಹತ್ತು ನಿಮಿಷಕ್ಕೆ ಧಾರಾಳ ವಿಷಯವಿದೆ.

ಹೊರಗಿನವರು ಮಾತಾಡಬಹುದೇ ಅಂದಿರಿ. ಮಾತಾಡಬಹುದು. ಆದರೆ ಅವರ ಉಚ್ಚಾರಣೆ ಅನುಕರಿಸುವುದು ಬೇಡ. ಸಾಕ್ಷಿಯಲ್ಲಿ ಪೊಲೀಸರು ಬೈದ ಪದವನ್ನು ಅವಳು ಬಾಯಿಬಿಟ್ಟು ಓದಬಾರದು. ತರಗತಿಯ ಕಪ್ಪು ಮಕ್ಕಳ ಕಡೆ ತಿರುಗಿ ‘ನಿಮಗೆ ಹೇಗನಿಸುತ್ತೆ’ ಅಂತ ಕೇಳಬಾರದು. ಎಲ್ಲರ ಪರವಾಗಿ ಉತ್ತರ ಹೇಳುವುದು ಯಾವ ಮಗುವಿನ ಕೆಲಸವೂ ಅಲ್ಲ. ಜಾತಿಯ ಮಾತು ತರುವುದಾದರೆ, ಎರಡೂ ಒಂದೇ ಅನ್ನುವುದು ಬೇಡ. ಅಲ್ಲಿ ಮನುಷ್ಯರನ್ನು ಮಾರಿ ಕೊಂಡ ಇತಿಹಾಸವಿದೆ. ಇಲ್ಲಿ ಮುಟ್ಟಬಾರದು ಅಂತ ಊರಾಚೆ ಇಟ್ಟ ಇತಿಹಾಸ ಇದೆ. ನಮ್ಮಲ್ಲೂ ಇಂಥದ್ದಿದೆ, ನಮ್ಮ ಮನೆತನ ಅದರಲ್ಲಿ ಯಾವ ಕಡೆಗಿತ್ತು ಅಂತ ಪ್ರಾಮಾಣಿಕವಾಗಿ ಒಂದು ಮಾತು ಹೇಳಿದರೆ ಸಾಕು. ಮಾವನವರಿಗೆ ಇದು ಮುಜುಗರ ತರಬಹುದು, ಹಾಗಾಗಿ ಅವರನ್ನು ಮುಂಚೆಯೇ ಕೂರಿಸಿಕೊಂಡು ಮಾತಾಡಿ. ಅವರ ಚಿಕ್ಕಂದಿನಲ್ಲಿ ಊರಲ್ಲಿ ಯಾರು ಯಾರನ್ನು ಏಕವಚನದಲ್ಲಿ ಕರೆಯುತ್ತಿದ್ದರು ಅಂತ ಮೊಮ್ಮಗಳೇ ಕೇಳಲಿ. ಅವರ ಹತ್ತಿರ ಹೇಳಲು ಬೇಕಾದಷ್ಟು ಇರುತ್ತದೆ.

ಒಂದು ಶನಿವಾರ ರಾಲಿಯ ಶಾ ವಿಶ್ವವಿದ್ಯಾಲಯದ ಹತ್ತಿರ ಹೋಗಿ ಬನ್ನಿ, ನಿಮಗೆ ದೂರವಿಲ್ಲ. ಹೇಮರ್ ಅವರ ಊರಿಗೆ ಬಂದು ಮತದ ಹಕ್ಕಿನ ಸುದ್ದಿ ಹೇಳಿದ್ದು ಎಸ್‌ಎನ್‌ಸಿಸಿ ಅನ್ನುವ ವಿದ್ಯಾರ್ಥಿ ಸಂಘಟನೆಯ ಹುಡುಗರು. ಆ ಸಂಘಟನೆ ಹುಟ್ಟಿದ್ದು 1960ರ ಏಪ್ರಿಲ್‌ನಲ್ಲಿ ಇದೇ ಶಾ ಆವರಣದಲ್ಲಿ. ಸಭೆ ಕರೆದವರು ಎಲಾ ಬೇಕರ್, ಅಲ್ಲಿಯೇ ಓದಿದವರು. ವಾಪಸ್ ಬಂದು ಮಗಳು ತನ್ನ ಮನೆಯಿಂದ 26 ಮೈಲಿ ಅಂದರೆ ಎಲ್ಲಿಯವರೆಗೆ ಅಂತ ನಕಾಶೆಯಲ್ಲಿ ನೋಡಲಿ. ಮಾತಿನ ದಿನ ಅವಳು ‘ಫ್ಯಾನಿ’ ಅಂತ ಬರೀ ಹೆಸರು ಹೇಳುವುದು ಬೇಡ, ಮಿಸೆಸ್ ಹೇಮರ್ ಅನ್ನಲಿ. ಯಾಕೆ ಹಾಗೆ ಅನ್ನುತ್ತಿದ್ದೇನೆ ಅಂತ ಮೊದಲ ನಿಮಿಷದಲ್ಲೇ ತರಗತಿಗೆ ತಿಳಿಸಲಿ.